ಮೇಸ್ತ್ರಿ ಇದ್ದಾರೆಯೇ?

ಬೈಕಿನ ಹಿಂದೆ ಗೋಣಿಚೀಲದಲ್ಲಿ ಮೋಟಾರು ಕಟ್ಟಿಕೊಂಡು ಬಂದವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಒಳಗೆ ಇಣುಕಿ, ಮೊದಲು ಕೇಳುತ್ತಿದ್ದುದು ಇದನ್ನೇ: ‘ಮೇಸ್ತ್ರಿ ಇದ್ದಾರೆಯೇ?’

ಮೇಸ್ತ್ರಿ ಅಲ್ಲೇ ಇರುತ್ತಿದ್ದಳು. ನೆಲದ ಮೇಲೆ ಗೋಣಿ ಹಾಸಿಕೊಂಡು, ಕಾಲುಗಳ ನಡುವೆ ಸ್ಟೇಟರ್, ಎಂದರೆ ಮೋಟಾರಿನ ತಂತಿ ಸುತ್ತುವ ಕಬ್ಬಿಣದ ಹೊರಭಾಗ, ಇಟ್ಟುಕೊಂಡು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಬಾಯಲ್ಲಿ ಬಿದಿರಿನ ಸೀಳೊಂದನ್ನು ಕಚ್ಚಿಕೊಂಡು ಕುಳಿತಿರುತ್ತಿದ್ದಳು. ಸೀಳನ್ನು ತೆಗೆದು ‘ಹೇಳಿ’ ಎನ್ನುತ್ತಿದ್ದಳು. ಬಂದವರು ಹೇಳುತ್ತಿರಲಿಲ್ಲ. ‘ಇರಲಿ, ಅವರು ಬರಲಿ’ ಎಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅವಳೂ ಮತ್ತೆ ಮಾತಾಡುತ್ತಿರಲಿಲ್ಲ. ಕೈಯಲ್ಲಿದ್ದ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಎದ್ದು, ಅವರ ಗೋಣಿಚೀಲ ಬಿಚ್ಚಿ, ಮೋಟಾರಿನ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿ, ‘ನಿಮ್ಮ ಕಡೆ ಒಂದು ಫೇಸ್ ಹೋಗಿತ್ತು. ಗೊತ್ತಾಗದೆ ಸ್ವಿಚ್ ಹಾಕಿದ್ದೀರಿ’ ಎನ್ನುತ್ತಿದ್ದಳು. ಬೆಂಚಿನ ಮೇಲಿದ್ದವರು ಆಗ ಎದ್ದು ನಿಲ್ಲುತ್ತಿದ್ದರು.

ಅವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಶಿರಸಿ ಪೇಟೆಯ ಒಂದು ಓಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೋಟಾರ್ ವೈಂಡಿಂಗ್ ಅಂಗಡಿ, ಎಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ, ನಡೆಸಿದಳು. ಬೇಸಿಗೆ ರಜೆಯಲ್ಲಿ ನಾನು ಅವಳ ಜೊತೆಗಿರುತ್ತಿದ್ದೆ. ಈ ‘ಮೇಸ್ತ್ರಿ ಇದ್ದಾರೆಯೇ’ ಎಂಬ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಮುಚ್ಚಳ ತೆಗೆದ ಕೂಡಲೇ ಕಾರಣ ಹೇಳುತ್ತಿದ್ದಳಲ್ಲ, ಅದು ಮಂತ್ರವಲ್ಲ. ಸುಟ್ಟ ಸುರುಳಿಯ ಬಣ್ಣವೇ ಎಲ್ಲವನ್ನೂ ಹೇಳುತ್ತದೆ. ಮೂರು ಫೇಸಿನ, ಎಂದರೆ ಮೂರು ತಂತಿಗಳಲ್ಲಿ ಕರೆಂಟು ಬರುವ, ಮೋಟಾರಿಗೆ ಒಂದು ಫೇಸ್ ತಪ್ಪಿದರೆ ಅದು ತಿರುಗಲಾರದೆ ಗುಂಯ್‌ಗುಡುತ್ತದೆ, ಇಲ್ಲವೇ ಏದುಸಿರು ಬಿಡುತ್ತ ತಿರುಗುತ್ತದೆ. ಉಳಿದ ತಂತಿಗಳ ಮೇಲೆ ಭಾರ ಬಿದ್ದು ಕಾಯುತ್ತದೆ. ಒಳಗಿನ ಜೋಡಣೆ ಸ್ಟಾರ್ ಆಗಿದ್ದರೆ, ಎಂದರೆ ಮೂರೂ ಫೇಸಿನ ಒಂದೊಂದು ತುದಿ ಒಂದೆಡೆ ಸೇರಿದ್ದರೆ, ಎರಡು ಫೇಸಿನ ಸುರುಳಿಗಳು ಕಪ್ಪಾಗಿರುತ್ತವೆ, ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಡೆಲ್ಟಾ ಆಗಿದ್ದರೆ, ಎಂದರೆ ತ್ರಿಕೋನವಾಗಿ ಸೇರಿದ್ದರೆ, ತಿರುಗುಮುರುಗು: ಒಂದು ಕಪ್ಪು, ಎರಡು ಚೆನ್ನ. ಒಂದೇ ಕಡೆ ಇದ್ದಿಲಿನಂತಹ ಕಲೆ ಇದ್ದರೆ ತಂತಿ ಕಬ್ಬಿಣಕ್ಕೆ ತಾಗಿದೆ ಎಂದರ್ಥ. ಸುತ್ತಲೂ ಸಮನಾಗಿ ಕಂದಿದ್ದರೆ ವೋಲ್ಟೇಜು ಸಾಲದೆಯೋ ಪಂಪು ಕಚ್ಚಿಕೊಂಡೋ ನಿಧಾನವಾಗಿ ಬೆಂದದ್ದು. ನಾನು ಇದನ್ನು ಮುಂದೆ ಕಾರವಾರದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವಾಗ ಒಂದು ಕೋಷ್ಟಕವಾಗಿ ಉರು ಹೊಡೆದೆ. ಅತ್ತೆ ಏಳನೆಯ ತರಗತಿ ಓದಿದವಳು. ಅವಳಿಗೆ ಅದು ಹಲಸಿನ ಹಣ್ಣು ಬಲಿತಿದೆಯೋ ಇಲ್ಲವೋ ಎಂದು ಬಡಿದು ನೋಡಿದಷ್ಟು ಸಹಜವಾಗಿತ್ತು.

ಫೇಸ್ ಹೋಗುವುದು ನಮ್ಮ ಉತ್ತರ ಕನ್ನಡದ ಕಡೆ ಏನೂ ಅಪರೂಪವಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲು. ಸೂಪಾ ಒಂದೇ 101 ಮೀಟರ್ ಎತ್ತರ. ಶರಾವತಿಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು. ಇಷ್ಟು ವಿದ್ಯುತ್ತು ಹುಟ್ಟುವ ಜಿಲ್ಲೆಯಲ್ಲಿ, ಕಾಡಿನ ನಡುವೆ ಹಾದು ಬಂದ ತಂತಿಯ ತುತ್ತತುದಿಯ ತೋಟಕ್ಕೆ ಸಿಗುತ್ತಿದ್ದುದು ಬಲ್ಬಿನ ತಂತಿ ಕೆಂಪಗೆ ಕಾಣುವಷ್ಟು ಮಾತ್ರ. ಮರದ ಟೊಂಗೆ ಬಿದ್ದರೆ ಒಂದು ತಂತಿ ಹೋಯಿತು. ಫೆಬ್ರುವರಿಯಿಂದ ಮೇ ತನಕ, ಅಡಿಕೆಗೆ ನೀರು ಬೇಕೇ ಬೇಕಾದ ಹೊತ್ತಿಗೆ, ಮೋಟಾರುಗಳು ಸುಡುತ್ತಿದ್ದವು. ಮಳೆಗಾಲದಲ್ಲಿ ಹಳ್ಳ ಉಕ್ಕಿ ಪಂಪ್‌ಹೌಸಿನೊಳಗೇ ನೆನೆಯುತ್ತಿದ್ದವು. ಹೀಗೆ ಅತ್ತೆಯ ವರ್ಷ ಎರಡೇ ಭಾಗ: ಸುಟ್ಟವುಗಳ ಕಾಲ, ನೆನೆದವುಗಳ ಕಾಲ.

ಅಂಗಡಿಗೆ ಬರುವ ಮೊದಲೇ ಅವಳು ಗಂಡಸರ ಕೆಲಸವೊಂದನ್ನು ಮಾಡಿ ಬಂದಿದ್ದಳು. ನಮ್ಮ ಮೂಲ ಊರು ದೇವಿಮನೆ ಘಟ್ಟದ ಹತ್ತಿರ. ಅಡಿಕೆ ಕೊಯ್ಲಿನಲ್ಲಿ ಮರ ಹತ್ತುವವನು ಕೊನೆಗೌಡ. ಅವನು ಮೇಲಿಂದ ಬಿಟ್ಟ ಹಗ್ಗವನ್ನು, ನಮ್ಮಲ್ಲಿ ನೇಣು ಎನ್ನುತ್ತಾರೆ, ಕೆಳಗೊಬ್ಬರು ಬಿಗಿಯಾಗಿ ಎಳೆದು ಹಿಡಿದಿರಬೇಕು. ಕೊಯ್ದ ಕೊನೆ, ಎಂದರೆ ಅಡಿಕೆಯ ಗೊನೆ, ಆ ಹಗ್ಗದ ಗುಂಟ ಜಾರಿ ಬರುತ್ತದೆ. ಸಡಿಲ ಬಿಟ್ಟರೆ ಕೊನೆ ನೆಲಕ್ಕೆ ಬಡಿದು ಅಡಿಕೆ ಚೆಲ್ಲಾಪಿಲ್ಲಿ. ಆಗ ಕೆಲಸಕ್ಕೆ ಜನ ಸಿಗದ ವರ್ಷ ಅಜ್ಜ ಅವಳ ಕೈಗೆ ನೇಣು ಕೊಟ್ಟರಂತೆ. ಹದಿಮೂರು ವರ್ಷ ಅವಳಿಗೆ. ಅಂಗೈ ಸುಲಿದುಹೋದರೂ ಒಂದು ಕೊನೆಯೂ ಬೀಳಲಿಲ್ಲ ಎಂದು ಅಪ್ಪ ಇಂದಿಗೂ ಹೇಳುತ್ತಾರೆ. ಮುಂದಿನ ವರ್ಷ ಒಬ್ಬ ಗಂಡಾಳು ಸಿಕ್ಕಿದ, ಅವಳನ್ನು ಮತ್ತೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯಲು ಕೂರಿಸಿದರು. ಇಪ್ಪತ್ತಕ್ಕೆ ಮದುವೆ, ಇಪ್ಪತ್ತಮೂರಕ್ಕೆ ತವರು. ಯಾಕೆ ಬಂದಳು ಎಂದು ಅವಳು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

1978ರಲ್ಲಿ ಶಿರಸಿಯ ಒಂದು ವೈಂಡಿಂಗ್ ಅಂಗಡಿಗೆ ಸೇರಿದಳು. ಕಸ ಗುಡಿಸುವುದು, ಚಹಾ ತರುವುದು, ಸುಟ್ಟ ಸುರುಳಿ ಕತ್ತರಿಸಿ ತಾಮ್ರ ಬೇರೆ ಮಾಡುವುದು ಅವಳ ಕೆಲಸ. ಸುಟ್ಟ ಮೋಟಾರನ್ನು ಬಿಚ್ಚುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ಒಂದು ಸುರುಳಿಯಲ್ಲಿ ಎಷ್ಟು ಸುತ್ತು, ತಂತಿ ಎಷ್ಟು ಗೇಜಿನದು, ಯಾವ ಸ್ಲಾಟಿನಿಂದ, ಎಂದರೆ ಸ್ಟೇಟರಿನ ಯಾವ ಸಂದಿನಿಂದ, ಹೊರಟು ಯಾವ ಸ್ಲಾಟಿಗೆ ಹೋಗಿದೆ, ಯಾವ ತುದಿ ಯಾವುದಕ್ಕೆ ಸೇರಿದೆ. ಇದನ್ನು ಬರೆದಿಟ್ಟುಕೊಳ್ಳದೆ ಕಿತ್ತು ಬಿಸಾಡಿದರೆ ಆ ಮೋಟಾರು ಬರೀ ಕಬ್ಬಿಣ. ಅಂಟಿಕೊಂಡ, ಕರಕಲಾದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಎಣಿಸುವುದು ಬೇಸರದ ಕೆಲಸವೆಂದು ಅಲ್ಲಿದ್ದ ಗಂಡಸರು ಅದನ್ನು ಇವಳಿಗೆ ಹಚ್ಚಿದರು. ಕಲಿಸಬೇಕೆಂದು ಯಾರೂ ಕಲಿಸಲಿಲ್ಲ. ಬೇಡವೆಂದು ತಳ್ಳಿದ ಕೆಲಸದಲ್ಲೇ ಇಡೀ ವಿದ್ಯೆ ಇತ್ತು. ಅವಳು ಒಂದು ಪುಸ್ತಕ ಮಾಡಿಕೊಂಡಳು. ಆ ಪುಸ್ತಕ ಈಗ ನನ್ನ ಬಳಿ ಇದೆ. ಅಂಕಿಗಳೆಲ್ಲ ಕನ್ನಡದವು, ಶಾಲೆಯಲ್ಲಿ ತಿದ್ದಿದ ಹಾಗೆ ದುಂಡಗೆ. ಪ್ರತಿ ಮೋಟಾರಿಗೂ ಒಂದು ವೃತ್ತ, ವೃತ್ತದ ಒಳಗೆ ಹಲ್ಲುಗಳಂತೆ 24 ಅಥವಾ 36 ಗೆರೆ, ಗೆರೆಯಿಂದ ಗೆರೆಗೆ ಕಮಾನು. ಬದಿಯಲ್ಲಿ ‘ಇದರ ಹಿಂದಿನ ಮೇಸ್ತ್ರಿ ನಾಲ್ಕು ಸುತ್ತು ಕದ್ದಿದ್ದಾನೆ’ ಎಂಬಂತಹ ಟಿಪ್ಪಣಿ. ಸುತ್ತು ಕದಿಯುವುದೆಂದರೆ ತಾಮ್ರ ಉಳಿಸುವುದು. ಅಂತಹ ಮೋಟಾರು ಆರು ತಿಂಗಳು ತಿರುಗಿ ಮತ್ತೆ ಸುಡುತ್ತದೆ.

ಕಲಿಸದೆ ಇದ್ದುದರ ಬೆಲೆಯನ್ನೂ ಅವಳು ತೆತ್ತಳು. ಕೆಪಾಸಿಟರ್ ಬಿಚ್ಚಿ ಕೆಳಗಿಟ್ಟ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಎರಡು ತುದಿಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿ ಖಾಲಿ ಮಾಡಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಬರಿಗೈಯಲ್ಲಿ ಮುಟ್ಟಿ ಹಿಂದಕ್ಕೆ ಬಿದ್ದಳು. ಅಂಗಡಿಯಲ್ಲಿದ್ದ ನಾಲ್ವರೂ ನಕ್ಕರಂತೆ. ಮುಂದೆ ತನ್ನ ಅಂಗಡಿಗೆ ಕೆಲಸ ಕಲಿಯಲು ಬಂದ ಒಬ್ಬೊಬ್ಬ ಹುಡುಗನಿಗೂ ಅವಳು ಮೊದಲ ದಿನ ಹೇಳುತ್ತಿದ್ದ ಮೊದಲ ಪಾಠ ಅದು. ಹೇಳುವಾಗ ಆ ನಾಲ್ವರ ಹೆಸರು ಎತ್ತುತ್ತಿರಲಿಲ್ಲ.

ಹತ್ತು ವರ್ಷ ಅಲ್ಲಿ ದುಡಿದಳು. ಅಷ್ಟು ವರ್ಷವೂ ಸಂಬಳದ ಪಟ್ಟಿಯಲ್ಲಿ ಅವಳು ಹೆಲ್ಪರ್. ಅವಳ ಪುಸ್ತಕ ನೋಡಿ ಕಲಿತ ಹುಡುಗರು ಎರಡು ವರ್ಷದಲ್ಲಿ ವೈಂಡರ್ ಆದರು, ಹೆಚ್ಚು ಪಡೆದರು. ಗಂಡಿಗೂ ಹೆಣ್ಣಿಗೂ ಒಂದೇ ಬಗೆಯ ಕೆಲಸಕ್ಕೆ ಒಂದೇ ಸಂಬಳ ಕೊಡಬೇಕೆಂಬ ಕಾಯ್ದೆ 1976ರಲ್ಲೇ ಬಂದಿತ್ತು. ಅದನ್ನು ದಾಟಲು ಉಪಾಯ ಬಹಳ ಸುಲಭವಾಗಿತ್ತು: ಕೆಲಸದ ಹೆಸರನ್ನು ಬೇರೆ ಮಾಡಿದರಾಯಿತು.

ನಾನು ಈ ಬರಹ ಶುರು ಮಾಡಿದ್ದೇ ಈ ಹೆಸರಿನ ಸಲುವಾಗಿ. ಹೆಂಗಸರಿಗೆ ಭಾರದ ಕೆಲಸ, ಅಪಾಯದ ಕೆಲಸ ಆಗುವುದಿಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಆ ಮಾತನ್ನು ಯಾರೂ ಪಾಲಿಸಿದ್ದನ್ನು ಕಂಡಿಲ್ಲ. ಮನೆ ಕಟ್ಟುವಲ್ಲಿ ಚಿರೆಕಲ್ಲು ತಲೆಯ ಮೇಲೆ ಹೊತ್ತು ಏರುವವಳು ಹೆಂಗಸು. ಅಘನಾಶಿನಿಯ ಅಳಿವೆಯಲ್ಲಿ ಸೊಂಟದ ನೀರಿನಲ್ಲಿ ತಾಸುಗಟ್ಟಲೆ ನಿಂತು ಬಳಚು ಎಂಬ ಚಿಪ್ಪುಜೀವಿ ಆರಿಸುವವರಲ್ಲಿ ಹೆಂಗಸರಿದ್ದಾರೆ. ಬೆಳಗಿನ ಜಾವ ಮೀನಿನ ಬುಟ್ಟಿ ಹೊತ್ತು ಓಡುವವಳು ಹೆಂಗಸು. ಭಾರವನ್ನು ಯಾರೂ ಅವಳಿಂದ ಮರೆಮಾಡಲಿಲ್ಲ. ಆದರೆ ಆ ಕಲ್ಲನ್ನು ನೂಲು ಹಿಡಿದು ಕೂರಿಸುವವನಿಗೆ ‘ಮೇಸ್ತ್ರಿ’ ಎಂಬ ಹೆಸರಿದೆ, ಮರ ಹತ್ತುವವನಿಗೆ ‘ಗೌಡ’ ಎಂಬ ಹೆಸರಿದೆ, ಕಂಬ ಹತ್ತುವವನಿಗೆ ‘ಲೈನ್‌ಮನ್’ ಎಂಬ ಹೆಸರಿದೆ. ಹೆಸರಿನ ಜೊತೆಗೆ ದರ ಇದೆ, ಹತ್ಯಾರು ಇದೆ, ಊಟಕ್ಕೆ ಕರೆಯುವಾಗ ಒಂದು ಮಣೆ ಇದೆ. ಹೊರುವವಳಿಗೆ ಹೆಸರಿಲ್ಲ. ಅವಳು ‘ಆಳು’. ನಮ್ಮ ಭಾಷೆ ಡಾಕ್ಟರಮ್ಮ ಎಂದಿತು, ಟೀಚರಮ್ಮ ಎಂದಿತು. ಮೇಸ್ತ್ರಿಯ ಮುಂದೆ ಬಂದಾಗ ಅದರ ನಾಲಿಗೆ ಹೊರಳಲಿಲ್ಲ. ಸ್ವಂತ ಅಂಗಡಿ ಇಟ್ಟು ಹದಿನೈದು ವರ್ಷವಾದ ಮೇಲೂ ಅತ್ತೆ ಜನರ ಬಾಯಲ್ಲಿ ‘ವೈಂಡಿಂಗ್ ಅಂಗಡಿಯ ಅಕ್ಕ’.

ಕಾನೂನಿನ ಭಾಷೆಯೂ ಹೆಚ್ಚು ಬೇರೆಯಾಗಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 22ನೆಯ ಕಲಮು, ಚಲಿಸುತ್ತಿರುವ ಯಂತ್ರದಿಂದ ಗಾಯವಾಗುವ ಭಯವಿದ್ದಲ್ಲಿ ಅದನ್ನು ಒರೆಸಲು, ಎಣ್ಣೆ ಹಾಕಲು, ಸರಿಪಡಿಸಲು ಹೆಂಗಸರನ್ನೂ ಹರೆಯದ ಮಕ್ಕಳನ್ನೂ ಬಿಡಬಾರದು ಎಂದಿತು. ಹೆಂಗಸು ಮತ್ತು ಮಕ್ಕಳು, ಒಂದೇ ಸಾಲಿನಲ್ಲಿ. ಕಾಪಾಡುವ ಉದ್ದೇಶವೇ ಇದ್ದಿರಬಹುದು. ಆದರೆ ತಿರುಗುವ ಶಾಫ್ಟಿಗೆ ಗಂಡಿನ ಬೆರಳು ಹೆಣ್ಣಿನ ಬೆರಳು ಎಂಬ ಭೇದ ತಿಳಿಯದು, ಕಾಪಾಡಬೇಕಾದದ್ದು ಎಲ್ಲರನ್ನೂ. ಇನ್ನೊಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮುಂಬೈಯ ಚಲನಚಿತ್ರ ರಂಗದಲ್ಲಿ ಹೆಂಗಸರು ಕೇಶವಿನ್ಯಾಸ ಮಾಡಬಹುದು, ಆದರೆ ಮೇಕಪ್ ಕಲಾವಿದರೆಂಬ ಕಾರ್ಡು ಅವರಿಗಿಲ್ಲ ಎಂದು ಅಲ್ಲಿನ ಸಂಘ ದಶಕಗಳ ಕಾಲ ನಡೆಸಿಕೊಂಡು ಬಂದಿತ್ತು. ಚಾರು ಖುರಾನಾ ಎಂಬ ಕಲಾವಿದೆ ನ್ಯಾಯಾಲಯಕ್ಕೆ ಹೋದರು. 2014ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ತೆಗೆದುಹಾಕಿತು. ಇಡೀ ದೇಶ ಬಣ್ಣ ಹಚ್ಚುವುದನ್ನು ಹೆಂಗಸರ ಚಟವೆಂದೇ ಆಡಿಕೊಳ್ಳುವಾಗ, ಅದೇ ಬಣ್ಣಕ್ಕೆ ಕಾರ್ಡು, ದರ ಅಂಟಿದ ಕೂಡಲೇ ಅದು ಗಂಡಸರದಾಗಿತ್ತು. ಇದನ್ನು ಓದಿ ಹೇಳಿದಾಗ ಅತ್ತೆ, ‘ಅಲ್ಲಿಯೂ ಹೆಲ್ಪರ್ ಮಾಡಿ ಇಟ್ಟಿದ್ದರು ಅನ್ನು’ ಎಂದಳು.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಡೆದು ಪದ್ಮಶ್ರೀ ಪಡೆದದ್ದನ್ನು ನಾವು ಟಿವಿಯಲ್ಲಿ ಒಟ್ಟಿಗೇ ನೋಡಿದೆವು. ಯಾವ ಬೀಜವನ್ನು ಯಾವಾಗ ಆರಿಸಬೇಕು, ಯಾವ ತಾಯಿಮರದಿಂದ ಆರಿಸಬೇಕು ಎಂಬುದನ್ನೆಲ್ಲ ಬಲ್ಲ ಆ ತಾಯಿ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿದ್ದರು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಕೇಳಿದ್ದು ಒಂದೇ: ‘ಅಷ್ಟು ವರ್ಷ ಹಾಜರಿ ಪುಸ್ತಕದಲ್ಲಿ ಇವರನ್ನು ಏನೆಂದು ಬರೆದಿದ್ದರು?’

ಸ್ವಂತ ಅಂಗಡಿ ಇಟ್ಟದ್ದು 1988ರಲ್ಲಿ, ತಾನು ಉಳಿಸಿದ ದುಡ್ಡು ಮತ್ತು ಅಜ್ಜಿಯ ಎರಡು ಬಳೆ ಸೇರಿಸಿ. ಆ ದಿನಗಳ ಕಷ್ಟವೆಂದರೆ ಜನ ಗಿರಾಕಿ, ಸಾಲ, ಬಾಡಿಗೆ ಎಂದುಕೊಳ್ಳುತ್ತಾರೆ. ಅವಳನ್ನು ಕೇಳಿದರೆ ಶೌಚಾಲಯ ಎನ್ನುತ್ತಾಳೆ. ಓಣಿಯ ಗಂಡಸರಿಗೆ ಹಿಂದಿನ ಗೋಡೆ ಇತ್ತು. ಇವಳಿಗೆ ಅರ್ಧ ಮೈಲು ದೂರದ ಪರಿಚಯದವರ ಮನೆ. ಹಾಗಾಗಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಸುರುಳಿಗೆ ಬಳಿದ ವಾರ್ನಿಷ್ ಕಾಯಿಸುವ ಬಲ್ಬುಗಳ ಪಕ್ಕದಲ್ಲಿ ಕುಳಿತು! ನಲವತ್ತಕ್ಕೆಲ್ಲ ಅವಳಿಗೆ ಮೂತ್ರಕೋಶದ ಕಲ್ಲು ಕಾಣಿಸಿತು. ನೀರು ಕಡಿಮೆ ಕುಡಿದದ್ದೇ ಕಾರಣ ಎಂದು ವೈದ್ಯರು ಹೇಳಿದರು. ಹೆಂಗಸರು ಇಂತಹ ಕೆಲಸಕ್ಕೆ ಯಾಕೆ ಬರುವುದಿಲ್ಲ ಎಂದು ದೊಡ್ಡ ದೊಡ್ಡ ಕಾರಣ ಹುಡುಕುವವರಿಗೆ ನಾನು ಈ ಅರ್ಧ ಮೈಲನ್ನು ತೋರಿಸುತ್ತೇನೆ.

ಇನ್ನು ಹೆಣ್ಣಿನ ಬೆರಳು ಸಣ್ಣ, ಅದಕ್ಕೇ ವೈಂಡಿಂಗ್ ಒಗ್ಗಿತು ಎಂದು ಹೊಗಳುವವರು. ಅತ್ತೆಯ ಬೆರಳು ಸಣ್ಣವಲ್ಲ. ಗಂಟುಗಂಟಾದ, ಉಗುರಿನ ಸಂದಿಯಲ್ಲಿ ವಾರ್ನಿಷ್ ಕೂತುಬಿಟ್ಟ ದಪ್ಪ ಬೆರಳುಗಳು. ಬೋರ್‌ವೆಲ್‌ಗೆ ಇಳಿಸುವ ನೀರು ತುಂಬಿದ ಮೋಟಾರಿನ ಸ್ಟೇಟರ್ ನೋಡಿದವರಿಗೆ ಗೊತ್ತು: ಅದಕ್ಕೆ ಹೊರಗೆ ಸುರುಳಿ ಮಾಡಿ ಒಳಗೆ ಕೂರಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಈ ತುದಿಯಿಂದ ತೂರಿಸಿ, ಆ ತುದಿಯಲ್ಲಿ ಇನ್ನೊಬ್ಬರು ಎಳೆದು, ತಿರುಗಿಸಿ ಮತ್ತೆ ಇತ್ತ ತೂರಿಸಬೇಕು. ಪ್ರತಿ ಸುತ್ತೂ ಹೀಗೇ. ಹೊದಿಕೆಗೆ ಒಂದು ಗೀರು ಬಿದ್ದರೂ ನೀರಿಗಿಳಿಸಿದ ಕ್ಷಣ ಎಲ್ಲ ವ್ಯರ್ಥ. ಆ ತುದಿಯಲ್ಲಿ ನಾನು ಕುಳಿತಿದ್ದೇನೆ. ‘ಜಗ್ಗಬೇಡ ಕೂಸೇ, ಬಾ ಎಂದು ಕರೆ’ ಎನ್ನುತ್ತಿದ್ದಳು. ಸಂಜೆಯ ಹೊತ್ತಿಗೆ ಹೆಗಲು ಕಲ್ಲಾಗುತ್ತಿತ್ತು. ಕೊನೆಗೆ ಹೊರಗುಳಿದ ತಂತಿಗಳನ್ನೆಲ್ಲ ಒಟ್ಟು ಮಾಡಿ, ಹೂವಿನ ದಂಡೆ ಕಟ್ಟುವ ಹಾಗೆ ನೂಲಿನಲ್ಲಿ ಗಂಟು ಹಾಕುತ್ತ ಬರುತ್ತಿದ್ದಳು. ಅಂಗಡಿಯಲ್ಲಿ ಅವಳು ಹಾಡು ಗುನುಗುತ್ತಿದ್ದುದು ಆಗ ಮಾತ್ರ.

ಅಂಗಡಿಯನ್ನು ಶಿಷ್ಯನೊಬ್ಬನಿಗೆ ಬಿಟ್ಟುಕೊಟ್ಟ ಮೇಲೆ ನಾಲ್ಕು ವರ್ಷ ಅವಳು ಕಾರವಾರದಲ್ಲಿ ನನ್ನ ಜೊತೆ ಇದ್ದಳು. ಸುಮ್ಮನೆ ಕೂರುವ ಜೀವವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅಲ್ಲಿನ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದು, ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು ನಡೆಯುವ 61 ದಿನ. ಡೈನಮೊ, ಸೆಲ್ಫ್ ಸ್ಟಾರ್ಟರುಗಳನ್ನು ಕಳಚಿ ತಂದು ಅವಳ ಮುಂದೆ ಇಡತೊಡಗಿದರು. ಅವಳು ಅವರಿಗೆ ‘ಬಾಯಿ’, ಹೆಂಗಸನ್ನು ಗೌರವದಿಂದ ಕರೆಯುವ ಮಾತು. ಒಂದು ಬೋಟಿನ ಕೆಲಸ ಮಾತ್ರ ಕೂತಲ್ಲಿ ಆಗುವಂಥದ್ದಲ್ಲ, ಎಂಜಿನ್ ಕೋಣೆಗೇ ಇಳಿದು ನೋಡಬೇಕಿತ್ತು. ಹೆಂಗಸು ಬೋಟು ಹತ್ತಬಾರದು ಎಂಬ ನಂಬಿಕೆ ಆ ಬೋಟಿನವರಿಗೂ ಇತ್ತು. ಬೋಟು ನಡೆಸುವ ತಾಂಡೇಲ ಬಹಳ ಹೊತ್ತು ತಲೆ ಕೆರೆದುಕೊಂಡ. ಕಡೆಗೆ, ‘ದಡದ ಮೇಲಿರುವಾಗ ಇದು ಬೋಟಲ್ಲ, ಬರೀ ಮರ. ಹತ್ತಿರಿ ಬಾಯಿ’ ಎಂದ. ಅವಳು ಚಪ್ಪಲಿ ಕೆಳಗೆ ಬಿಟ್ಟು ಹತ್ತಿದಳು. ಇಳಿದು ಬಂದಾಗ ಮೈಯೆಲ್ಲ ಡೀಸೆಲ್, ಮುಖದಲ್ಲಿ ನಾನು ಹಿಂದೆಂದೂ ಕಾಣದ ಉಲ್ಲಾಸ. ಅವಳಿಗೆ ಆಗ ಅರವತ್ತು ದಾಟಿತ್ತು.

ಕಳೆದ ವರ್ಷ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಕರೆದೊಯ್ದಾಗ ಚೀಟಿ ಬರೆಯುವ ಹುಡುಗ ಹೆಸರು, ವಯಸ್ಸು ಕೇಳಿ, ಉದ್ಯೋಗದ ಮುಂದೆ ಕೇಳದೆಯೇ ‘ಗೃಹಿಣಿ’ ಎಂದು ಬರೆದ. ಅತ್ತೆಗೆ ಅಕ್ಷರ ಮಬ್ಬಾಗಿ ಕಾಣುತ್ತಿತ್ತು. ‘ಏನು ಬರೆದ, ಓದು’ ಎಂದಳು. ಓದಿದೆ. ‘ವೈಂಡಿಂಗ್ ಮೇಸ್ತ್ರಿ ಎಂದು ಬರೆಯಪ್ಪ’ ಎಂದಳು ಅವನಿಗೆ, ಗಟ್ಟಿಯಾಗಿ. ಹಿಂದೆ ಸಾಲಿನಲ್ಲಿದ್ದವರೆಲ್ಲ ನೋಡಿದರು. ಆ ಪದವನ್ನು ತನಗೆ ತಾನೇ ಹಚ್ಚಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಡುಗ ಹೊಡೆದುಹಾಕಿ ಬರೆದ.

ಈಗ ಅವಳು ಊರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಬೆಳಿಗ್ಗೆ ತೋಟದ ಮೋಟಾರು ಶುರುವಾದರೆ ಜಗಲಿಯಲ್ಲಿ ಕುಳಿತ ಅವಳ ಕೈಯ ಚಹಾ ಲೋಟ ಅರ್ಧದಲ್ಲೇ ನಿಲ್ಲುತ್ತದೆ. ಮಾರ್ಚಿನಲ್ಲಿ ನಾನು ಹೋಗಿದ್ದಾಗ ಹೀಗೆಯೇ ಕಿವಿಗೊಟ್ಟು, ‘ಬೇರಿಂಗ್ ಹೋಗುತ್ತಿದೆ, ನಿಲ್ಲಿಸಲು ಹೇಳು’ ಎಂದಳು. ನನಗೆ ಏನೂ ಕೇಳಿಸಲಿಲ್ಲ. ತಮ್ಮನಿಗೂ ಕೇಳಿಸಲಿಲ್ಲ, ಆದರೂ ನಿಲ್ಲಿಸಿದ. ಶಾಫ್ಟನ್ನು ಅಲುಗಿಸಿದರೆ ಕೂದಲೆಳೆಯಷ್ಟು ಆಟ ಇತ್ತು. ಪುಲ್ಲರ್ ಹಾಕಿ ಬೇರಿಂಗ್ ಎಳೆದು ತಂದು ಅವಳ ಕೈಗೆ ಕೊಟ್ಟೆ. ಸೆರಗಿನಲ್ಲಿ ಗ್ರೀಸು ಒರೆಸಿ, ಒಳಗಿನ ಬಳೆಗೆ ಬೆರಳು ತೂರಿಸಿ, ಹೊರಗಿನದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು. ಆಮೇಲೆ ಅದನ್ನು ನನ್ನ ಬೆರಳಿಗೆ ತೊಡಿಸಿ, ‘ನೀನೂ ನೋಡು, ಒಂದು ಕಡೆ ತಡೆಯುತ್ತದೆ’ ಎಂದಳು. ಮೂರನೆಯ ಸಲ ತಿರುಗಿಸಿದಾಗ ನನಗೆ ಅದು ಸಿಕ್ಕಿತು.